ಮೇಲಿನ ಗುಂಡಿ

ಮಾರ್ಚ್ ೪, ಸೋಮವಾರ

ಲಾಂಡ್ರಿಯಲ್ಲಿ ಹಬೆಯ ಯಂತ್ರ ಮತ್ತೆ ಕೈಕೊಟ್ಟಿತು. ಎರಡು ವಾರ್ಡಿನ ಹಾಸುಬಟ್ಟೆಗಳನ್ನು ನಾಲ್ಕು ಜನ ಸೇರಿ ಕೈಯಲ್ಲೇ ಇಸ್ತ್ರಿ ಮಾಡಿದೆವು. ಆಸ್ಪತ್ರೆಗೆ ಒಂದು ದಿನ ಡಾಕ್ಟರು ಬರದಿದ್ದರೂ ನಡೆದೀತು, ಹಾಸುಬಟ್ಟೆ ಬರದಿದ್ದರೆ ನಡೆಯುವುದಿಲ್ಲ ಎಂದು ನಮ್ಮ ಸೂಪರ್‌ವೈಸರ್ ಹೇಳುವುದು ಸುಳ್ಳಲ್ಲ. ಬೆರಳುಗಳು ಇನ್ನೂ ಉರಿಯುತ್ತಿವೆ.

ಅಮ್ಮ ತೀರಿಕೊಂಡು ಎಂಟು ತಿಂಗಳು. ಪಾಪು ಪೂರ್ತಿಯಾಗಿ ನನ್ನ ಪಾಲಿಗೆ ಬಂದೂ ಎಂಟು ತಿಂಗಳು. ಮೂವತ್ತಾರು ವರ್ಷದ ತಂಗಿಯನ್ನು ಪಾಪು ಎಂದು ಕರೆದರೆ ಹೊರಗಿನವರು ತಿರುಗಿ ನೋಡುತ್ತಾರೆ. ಅವಳ ಬುದ್ಧಿ ಐದಾರು ವರ್ಷಕ್ಕೇ ನಿಂತಿದೆ ಎಂದು ಡಾಕ್ಟರು ಅಮ್ಮನಿಗೆ ಹೇಳಿದ್ದರು. ಹೆಸರೂ ಅಲ್ಲೇ ನಿಂತಿತು. ಹೊರಗಿನವರಿಗೆ ಇದನ್ನೆಲ್ಲ ಹೇಳುತ್ತಾ ಕೂರಲು ನನಗೆ ಪುರುಸೊತ್ತಿಲ್ಲ.

ಬೆಳಿಗ್ಗೆ ಸ್ನಾನ ಮಾಡಿಸಿ, ತಲೆ ಬಾಚಿ, ಎಂಟೂಕಾಲಿಗೆ ಹಗಲು ಕೇಂದ್ರದ ವ್ಯಾನಿಗೆ ಹತ್ತಿಸುತ್ತೇನೆ. ಅಲ್ಲಿ ಕಾಗದದ ಚೀಲ ಅಂಟಿಸುತ್ತಾಳೆ, ವ್ಯಾಯಾಮ ಮಾಡುತ್ತಾಳೆ. ಕೇಂದ್ರ ಮುಚ್ಚುವುದು ನಾಲ್ಕಕ್ಕೆ, ನನ್ನ ಕೆಲಸ ಮುಗಿಯುವುದು ಐದಕ್ಕೆ. ಆ ಹೊತ್ತಿಗೆ ಏನು ದಾರಿ ಎಂದು ನಾನು ತಲೆ ಕೆಡಿಸಿಕೊಂಡಿದ್ದಾಗ ಕೈಹಿಡಿದವರು ಅಲ್ಲಿನ ವ್ಯಾಯಾಮದ ಮೇಷ್ಟ್ರು. ‘ನೀವು ಯೋಚ್ನೆ ಮಾಡ್ಬೇಡಿ, ನಾನಿದ್ದೀನಲ್ಲ’ ಎಂದು ದಿನಾ ಐದೂವರೆಗೆ ತಮ್ಮ ಗಾಡಿಯಲ್ಲೇ ತಂದು ಬಿಡುತ್ತಾರೆ. ಒಂದು ಲೋಟ ನೀರು ಸಹ ಕುಡಿಯುವುದಿಲ್ಲ. ಇಂಥವರು ಹುಡುಕಿದರೂ ಸಿಗುವುದಿಲ್ಲ.

ಪಾಪುವನ್ನು ನೋಡಿಕೊಳ್ಳುವುದು ಕಷ್ಟವೇನಲ್ಲ ಎಂದು ಅವರೇ ಹೇಳುತ್ತಾರೆ. ನಿಜ. ಏಳು ಎಂದರೆ ಏಳುತ್ತಾಳೆ, ಕೂರು ಎಂದರೆ ಕೂರುತ್ತಾಳೆ. ಬೇಡ ಎನ್ನುವ ಮಾತು ಅವಳ ಬಾಯಿಂದ ಬಂದದ್ದೇ ಇಲ್ಲ. ಅಮ್ಮ ಅವಳನ್ನು ಹಾಗೆ ಬೆಳೆಸಿದಳು.

ಶನಿವಾರ ಕೇಂದ್ರದಲ್ಲಿ ಮನೆಯವರ ಸಭೆಯಂತೆ. ಹೊಸ ಟೀಚರು ಬಂದಿದ್ದಾಳೆ, ಏನೋ ಹೇಳಬೇಕಂತೆ.

ಮಾರ್ಚ್ ೯, ಶನಿವಾರ

ಹೊಸ ಟೀಚರಿಗೆ ಇಪ್ಪತ್ತಾರೋ ಇಪ್ಪತ್ತೇಳೋ. ಗೋಡೆಗೆ ಗಂಡು ಹೆಣ್ಣಿನ ದೊಡ್ಡ ಚಿತ್ರ ತೂಗುಹಾಕಿ, ಯಾವ ಅಂಗಕ್ಕೆ ಯಾವ ಹೆಸರು ಎಂದು ಬಿಚ್ಚಿ ಹೇಳತೊಡಗಿದಳು. ನನ್ನ ಪಕ್ಕದಲ್ಲಿದ್ದ ಗಂಡಸೊಬ್ಬರು ಸಭೆ ಮುಗಿಯುವವರೆಗೂ ಫ್ಯಾನನ್ನೇ ನೋಡುತ್ತಾ ಕೂತಿದ್ದರು.

‘ನಾವು ಇವರಿಗೆ ಎಲ್ಲರ ಮಾತೂ ಕೇಳೋದನ್ನ ಕಲಿಸಿದ್ದೀವಿ. ಹಾಗಾಗಿ ಕೆಟ್ಟವರ ಮಾತೂ ಕೇಳ್ತಾರೆ. ಬೇಡ ಅನ್ನೋದನ್ನೂ ಕಲಿಸ್ಬೇಕು. ಹಿಂಸೆ ಮಾಡೋರು ಯಾರೋ ಗೊತ್ತಿಲ್ಲದವರೇ ಆಗಿರ್ಬೇಕು ಅಂತಿಲ್ಲ. ಪರಿಚಯದವರೇ ಜಾಸ್ತಿ,’ ಎಂದಳು.

ನಾನು ಸಾಮಾನ್ಯವಾಗಿ ಸಭೆಗಳಲ್ಲಿ ಬಾಯಿ ತೆರೆಯುವವಳಲ್ಲ. ಇವತ್ತು ತಡೆಯಲಾಗಲಿಲ್ಲ. ‘ನನ್ನ ತಂಗಿ ಮಗು ಇದ್ದ ಹಾಗೆ. ಇಲ್ಲದ್ದನ್ನೆಲ್ಲ ಅವಳ ತಲೆಗೆ ತುಂಬಬೇಡಿ,’ ಎಂದೆ. ಒಂದಿಬ್ಬರು ಹೌದು ಹೌದು ಎಂದರು. ಕೇಂದ್ರಕ್ಕೆ ಬರುವ ಕನ್ನಡಕದ ಹುಡುಗನ ತಾಯಿಯಂತೂ ಜೋರಾಗಿಯೇ ತಲೆಯಾಡಿಸಿದರು. ಟೀಚರು ಕೋಪ ಮಾಡಿಕೊಳ್ಳಲಿಲ್ಲ. ‘ನಿಮ್ಮ ತಂಗಿ ನಿಮಗೆ ಬೇಡ ಅಂತ ಕೊನೇ ಸಲ ಯಾವಾಗ ಅಂದಿದ್ರು ಅಕ್ಕಾ?’ ಎಂದು ಕೇಳಿದಳು. ಅದೆಂಥ ಪ್ರಶ್ನೆ!

ಆಮೇಲೆ ಪಾಪುವಿನ ಮುಂದೆ ಬಗ್ಗಿ ‘ನಿಮಗೆ ಚಹಾ ಬೇಕಾ, ಹಾಲಾ?’ ಎಂದಳು. ‘ಹಾಲು’ ಎಂದೆ ನಾನು. ಟೀಚರು ನನ್ನನ್ನೇ ನೋಡಿದಳು. ಇಷ್ಟು ವರ್ಷ ಸಾಕಿದವರಿಗೆ ಅಷ್ಟೂ ಗೊತ್ತಿರುವುದಿಲ್ಲವೇ?

ಹೊರಡುವಾಗ ಮೇಷ್ಟ್ರು ನಕ್ಕು, ‘ಆ ಹುಡುಗಿಗೆ ಇನ್ನೂ ಪುಸ್ತಕದ ವಾಸನೆ ಹೋಗಿಲ್ಲ, ಬಿಡಿ. ನಾಲ್ಕು ದಿನ ಹಾರಾಡ್ತಾಳೆ,’ ಎಂದರು. ಮನಸ್ಸು ಹಗುರಾಯಿತು.

ಮಾರ್ಚ್ ೧೮

ಪಾಪು ವ್ಯಾನು ಹತ್ತಲಿಲ್ಲ. ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತುಬಿಟ್ಟಳು. ಡ್ರೈವರು ಹಾರ್ನ್ ಮೇಲೆ ಹಾರ್ನ್. ಕೆಲಸಕ್ಕೆ ತಡವಾಗುತ್ತಿತ್ತು. ಮುದ್ದು ಮಾಡಿದೆ, ಗದರಿದೆ. ಕೊನೆಗೆ ಕೆನ್ನೆಗೊಂದು ಕೊಟ್ಟೆ. ಹುಟ್ಟಿದಾಗಿನಿಂದ ಅವಳ ಮೇಲೆ ಕೈ ಎತ್ತಿದವಳಲ್ಲ ನಾನು. ಅವಳು ಅಳಲಿಲ್ಲ, ಚೌಕಟ್ಟು ಬಿಟ್ಟು ಹೋಗಿ ವ್ಯಾನಿನಲ್ಲಿ ಕೂತಳು.

ಸಂಜೆ ಮೇಷ್ಟ್ರ ಹತ್ತಿರ ಹೇಳಿಕೊಂಡೆ. ‘ನೋಡಿದ್ರಾ? ಬೇಡ ಅನ್ನೋದನ್ನ ಕಲಿಸೋಕೆ ಹೋದ್ರೆ ಹೀಗೇ ಆಗೋದು,’ ಎಂದರು. ಅವರು ಹೇಳಿದ್ದು ಸರಿ ಅನ್ನಿಸಿತು.

ಮಾರ್ಚ್ ೨೨

ಮೂರು ದಿನದಿಂದ ಪಾಪುವಿನ ಹಾಸಿಗೆ ಒದ್ದೆ. ಲಾಂಡ್ರಿಯಲ್ಲೂ ಅದೇ, ಮನೆಯಲ್ಲೂ ಅದೇ.

ಏಪ್ರಿಲ್ ೨, ಮಂಗಳವಾರ

ಅಡುಗೆಮನೆಯ ಮೇಜಿನ ಮುಂದೆ ಕೂತು ಬರೆಯುತ್ತಿದ್ದೇನೆ. ಸಂಜೆ ಇನ್ನೂ ಏಳು ಗಂಟೆಯಾಗಿಲ್ಲ. ಪಾಪು ಒಳಗೆ ಮಲಗಿದ್ದಾಳೆ.

ಇಪ್ಪತ್ತೆರಡು ವರ್ಷದಿಂದ ಬೇರೆಯವರ ಬಟ್ಟೆ ಒಗೆಯುತ್ತಿದ್ದೇನೆ. ಯಾರು ಎಡಗೈಯವರು, ಯಾರಿಗೆ ಊಟ ಸೇರುತ್ತಿಲ್ಲ, ಯಾರು ರಾತ್ರಿಯೆಲ್ಲ ಹೊರಳಾಡಿದರು, ಎಲ್ಲ ಬಟ್ಟೆಯಲ್ಲೇ ಕಾಣುತ್ತದೆ. ನನ್ನ ಮನೆಯ ಬಟ್ಟೆ ನೋಡುವುದಕ್ಕೆ ಇಷ್ಟು ದಿನ ಬೇಕಾಯಿತು.

ಪಾಪು ಅಂಗಿಯ ಗುಂಡಿಗಳನ್ನು ಕೆಳಗಿನಿಂದ ಹಾಕುತ್ತಾ ಬರುತ್ತಾಳೆ. ಕತ್ತಿನ ಹತ್ತಿರದ ಗುಂಡಿ ಮಾತ್ರ ಹಾಕುವುದಿಲ್ಲ. ಅಲ್ಲಿ ಕಚಗುಳಿಯಾಗುತ್ತದೆ ಅವಳಿಗೆ. ಅಮ್ಮ ಎಷ್ಟು ಹೇಳಿದರೂ ಆ ಒಂದು ವಿಷಯದಲ್ಲಿ ಕೇಳುತ್ತಿರಲಿಲ್ಲ. ಇವತ್ತು ಮೇಷ್ಟ್ರು ತಂದು ಬಿಟ್ಟು ಹೋದ ಮೇಲೆ ನೋಡಿದೆ: ಮೇಲಿನ ಗುಂಡಿ ಹಾಕಿತ್ತು. ಕತ್ತನ್ನು ಆ ಕಡೆ ಈ ಕಡೆ ತಿರುಗಿಸುತ್ತಾ ನಿಂತಿದ್ದಳು, ಬಿಚ್ಚಿಕೊಂಡಿರಲಿಲ್ಲ.

‘ಗುಂಡಿ ಯಾರು ಹಾಕಿದ್ದು?’

‘ಮೇಷ್ಟ್ರು.’

‘ಯಾಕೆ?’

ಆ ಗುಂಡಿಯನ್ನು ಬೆರಳಲ್ಲಿ ಮುಟ್ಟಿಕೊಂಡಳು. ಆಮೇಲೆ, ‘ಬಿಚ್ಚಿದ್ರು. ಅದಕ್ಕೆ,’ ಎಂದಳು.

ಇನ್ನೇನು ಕೇಳಿದೆನೋ ನೆನಪಿಲ್ಲ. ಅವಳು ಎರಡೂ ಕೈ ಕೆನ್ನೆಯ ಮೇಲಿಟ್ಟುಕೊಂಡು ಹಿಂದೆ ಸರಿದಳು.

‘ಅಕ್ಕಂಗೆ ಹೇಳ್ಬಾರ್ದು. ಅಕ್ಕ ಹೊಡೀತಾಳೆ. ಮೇಷ್ಟ್ರು ಹೇಳಿದ್ರು.’

ಅವರಿಗೆ ಅದನ್ನು ಹೇಳಿದವಳು ನಾನೇ.

ಏಪ್ರಿಲ್ ೩

ಕೆಲಸಕ್ಕೆ ಹೋಗಲಿಲ್ಲ. ಮೈಗೆ ಹುಷಾರಿಲ್ಲ ಎಂದು ಫೋನು ಮಾಡಿದೆ. ಮೇಷ್ಟ್ರೇ ಎರಡು ಸಲ ಫೋನು ಮಾಡಿದರು, ‘ಯಾಕೆ ಪಾಪು ಬರ್ಲಿಲ್ಲ?’ ಎಂದು. ಎತ್ತಲಿಲ್ಲ.

ಬೆಳಿಗ್ಗೆಯೆಲ್ಲ ಬೇರೆ ಕಾರಣ ಹುಡುಕಿದೆ. ಸೆಖೆಯಿತ್ತು, ಅಂಗಿಗೆ ಏನಾದರೂ ಚೆಲ್ಲಿರಬಹುದು, ಪಾಪು ಒಂದಕ್ಕೊಂದು ಸೇರಿಸಿ ಹೇಳುತ್ತಿರಬಹುದು. ಆದರೆ ಪಾಪುವಿಗೆ ಸುಳ್ಳು ಹೇಳಲು ಬರುವುದಿಲ್ಲ. ಕಲಿಸಿದರೂ ಬರಲಿಲ್ಲ. ಬಾಗಿಲಿಗೆ ಬಂದವರಿಗೆ ತಾನು ಮನೆಯಲ್ಲಿಲ್ಲ ಎಂದು ಹೇಳಲು ಅಮ್ಮ ಒಮ್ಮೆ ಕಳಿಸಿದ್ದಾಗ, ‘ಅಮ್ಮ ಇಲ್ವಂತೆ’ ಎಂದು ಹೇಳಿ ಬಂದಿದ್ದಳು.

ಅಣ್ಣನ ಅಂಗಡಿಗೆ ಹೋದೆ. ಗಿರಾಕಿಗಳು ಹೋಗುವವರೆಗೆ ಕಾಯಿಸಿ ಆಮೇಲೆ ಕೇಳಿದ. ‘ನಾಳೆಯಿಂದ ಕಳಿಸ್ಬೇಡ, ಮುಗೀತು. ಯಾರ ಹತ್ರ ಹೇಳ್ತೀಯಾ? ಅವಳ ಮಾತನ್ನ ಯಾರು ನಂಬ್ತಾರೆ? ಊರೆಲ್ಲ ಮಾತಾಡಿಕೊಳ್ತಾರೆ ಅಷ್ಟೇ,’ ಎಂದ. ಕಣ್ಣಲ್ಲಿ ನೀರಿತ್ತು ಅವನಿಗೂ. ಅರ್ಧ ದಾರಿಯವರೆಗೆ ಅವನ ಮಾತೇ ಸರಿ ಎಂದುಕೊಂಡು ನಡೆದೆ. ಇನ್ನರ್ಧ ದಾರಿಯಲ್ಲಿ, ಕೇಂದ್ರದಲ್ಲಿ ಉಳಿದ ಹದಿನೆಂಟು ಜನರ ಮುಖಗಳು ಒಂದೊಂದಾಗಿ ನೆನಪಾಗತೊಡಗಿದವು.

ಆ ಟೀಚರಿಗೆ ಫೋನು ಮಾಡಿದೆ. ಅರ್ಧ ಗಂಟೆಯೊಳಗೆ ಬಂದಳು. ‘ನಾನು ಮೊದಲೇ ಹೇಳಿದ್ದೆ’ ಎನ್ನುತ್ತಾಳೆ ಎಂದು ಕಾದೆ. ಹೇಳಲಿಲ್ಲ. ಪಾಪುವಿನ ಎದುರು ನೆಲದ ಮೇಲೆ ಕೂತು, ‘ನೀವು ಹೇಳಿದ್ದು ಒಳ್ಳೇದಾಯ್ತು. ತಪ್ಪು ನಿಮ್ಮದಲ್ಲ,’ ಎಂದಳು. ಈ ಎರಡು ಮಾತು ನನ್ನ ಬಾಯಿಗೆ ನಿನ್ನೆ ಬಂದಿರಲಿಲ್ಲ.

ನನಗೆ ಹೇಳಿದ್ದು: ‘ಮತ್ತೆ ಮತ್ತೆ ಕೇಳ್ಬೇಡಿ ಅಕ್ಕಾ. ಕೇಳೋದಕ್ಕೆ ತರಬೇತಿ ಆದವರು ಇದ್ದಾರೆ. ಆ ಬಟ್ಟೆ ಹಾಗೇ ಕಾಗದದ ಚೀಲದಲ್ಲಿ ಹಾಕಿಡಿ, ಒಗೀಬೇಡಿ.’

ನಿನ್ನೆಯೇ ಒಗೆದಿದ್ದೆ. ಮಾತು ಮುಗಿದ ಕೂಡಲೇ ಅವಳ ಬಟ್ಟೆ ಬಿಚ್ಚಿಸಿ ಸೋಪಿನ ನೀರಿಗೆ ಹಾಕಿ, ಕೈ ಕೆಂಪಗಾಗುವಷ್ಟು ಉಜ್ಜಿದ್ದೆ. ಒಂದು ಕಲೆಯನ್ನೂ ಬಿಡದೆ. ಅದೊಂದು ಕೆಲಸ ನನಗೆ ಚೆನ್ನಾಗಿ ಬರುತ್ತದೆ.

ಏಪ್ರಿಲ್ ೫, ಶುಕ್ರವಾರ

ನಿನ್ನೆ ಡಾಕ್ಟರಮ್ಮ, ಇವತ್ತು ಪೊಲೀಸರು. ಹೇಳಿಕೆ ತೆಗೆದುಕೊಂಡ ಹೆಂಗಸು ಸಮವಸ್ತ್ರದಲ್ಲಿರಲಿಲ್ಲ. ಒಂದು ಸಣ್ಣ ಕೋಣೆ, ಮೂರು ಕುರ್ಚಿ, ಕಿಟಕಿಗೆ ಹಳದಿ ಪರದೆ. ‘ನಮಸ್ಕಾರ. ನೀವು ಎಲ್ಲಿ ಕೂರ್ತೀರಿ?’ ಎಂದು ಪಾಪುವನ್ನು ಕೇಳಿದರು. ಪಾಪುವನ್ನು ಯಾರಾದರೂ ನೀವು ಎಂದರೆ ಬೆನ್ನ ಹಿಂದೆ ಇನ್ಯಾರೋ ನಿಂತಿದ್ದಾರೆ ಅನ್ನಿಸುತ್ತದೆ ನನಗೆ.

‘ಕಿಟಕಿ ಹತ್ರ ಕೂರ್ತಾಳೆ,’ ಎಂದೆ. ‘ದಿನಾ ಎಷ್ಟು ಹೊತ್ತಿಗೆ ಮನೆಗೆ ಬರ್ತೀರಿ?’ ಎಂದರು. ‘ಐದೂವರೆಗೆ,’ ಎಂದೆ. ಅವರು ಪೆನ್ನು ಕೆಳಗಿಟ್ಟರು.

‘ಅಮ್ಮಾ, ನೀವು ಹೊರಗೆ ಕೂತಿರಿ. ಎಲ್ಲಾ ಅಕ್ಕ ಹೇಳಿಕೊಟ್ಟಿದ್ದು ಅಂತ ನಾಳೆ ಅವರ ವಕೀಲರು ಎದ್ದು ನಿಲ್ತಾರೆ.’

‘ಅವಳು ನನ್ನ ಬಿಟ್ಟು ಮಾತಾಡಲ್ಲ ಮೇಡಂ.’

‘ನೋಡೋಣ.’

ಟೀಚರು ಒಳಗಿದ್ದಳು, ಪಾಪುವಿನ ಮಾತು ಅರ್ಥ ಮಾಡಿಸಲು. ನಾನು ಹೊರಗೆ ಬೆಂಚಿನ ಮೇಲೆ. ಒಂದು ಗಂಟೆ ಐವತ್ತು ನಿಮಿಷ. ನನ್ನ ತಂಗಿ ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ಕಂಡಿಲ್ಲ. ಗೋಡೆಯಾಚೆಯಿಂದ ಅವಳ ದನಿ ಕೇಳುತ್ತಿತ್ತು, ಪದಗಳು ಕೇಳುತ್ತಿರಲಿಲ್ಲ. ನಡುವೆ ಒಮ್ಮೆ ಪೂರ್ತಿ ಮೌನ. ಎದ್ದು ಬಾಗಿಲವರೆಗೆ ಹೋಗಿ ಮತ್ತೆ ಬಂದು ಕೂತೆ.

ಹೊರಗೆ ಬಂದವಳು ನೀರು ಕೇಳಿದಳು. ಏನು ಹೇಳಿದೆ ಎಂದು ನಾನು ಕೇಳಲಿಲ್ಲ. ಸಂಜೆ ಪೊಲೀಸರು ಮೇಷ್ಟ್ರ ಮನೆಗೆ ಹೋಗಿ ಅವರನ್ನು ಕರೆದುಕೊಂಡು ಹೋದರಂತೆ. ಅವರು ಎಂದೇ ಬರೆಯುತ್ತಿದ್ದೇನೆ ಇನ್ನೂ. ಕೈಗೆ ರೂಢಿ ತಪ್ಪುವುದಿಲ್ಲ.

ಏಪ್ರಿಲ್ ೧೧

ಕೇಂದ್ರ ಮುಚ್ಚಿದೆ, ವಿಚಾರಣೆ ಮುಗಿಯುವವರೆಗೆ. ಅಲ್ಲಿನ ಮುಖ್ಯಸ್ಥೆ ಮೇಡಂ ಕರೆಸಿಕೊಂಡರು. ‘ಹನ್ನೆರಡು ವರ್ಷದಿಂದ ನನ್ನ ಕಣ್ಣೆದುರಿಗೇ ಇದ್ದ ಮನುಷ್ಯ,’ ಎಂದು ಹೇಳುತ್ತಲೇ ಇದ್ದರು. ನಾಲ್ಕರ ಮೇಲೆ ಅವನ ಜೊತೆ ಬೇರೆ ಯಾರಿರುತ್ತಿದ್ದರು ಎಂದೆ. ಯಾರೂ ಇರುತ್ತಿರಲಿಲ್ಲ. ವ್ಯಾಯಾಮದ ಕೋಣೆಯ ಬಾಗಿಲು ಒಳಗಿನಿಂದ ಚಿಲಕ ಹಾಕುವಂಥದ್ದು. ಹೌದೇ, ಅದು ನಮಗೆ ಹೊಳೆಯಲೇ ಇಲ್ಲ ಎಂದರು. ನನಗೂ ಹೊಳೆದಿರಲಿಲ್ಲ.

ಮಧ್ಯಾಹ್ನ ಕನ್ನಡಕದ ಹುಡುಗನ ತಾಯಿಯಿಂದ ಫೋನು. ‘ಒಳ್ಳೇ ಕೆಲಸ ಮಾಡಿದ್ರಿ. ನಮ್ಮ ಮಕ್ಕಳಿಗೆ ಹೋಗೋಕೆ ಇದ್ದದ್ದು ಒಂದೇ ಜಾಗ. ನಾನು ಕೆಲಸ ಬಿಟ್ಟು ಮನೇಲಿ ಕೂತಿದ್ದೀನಿ. ದೇವರಂಥ ಮನುಷ್ಯನ ಮೇಲೆ...’ ಉಳಿದದ್ದನ್ನು ಬರೆಯುವುದಿಲ್ಲ.

ತಂಗಿಯನ್ನು ಲಾಂಡ್ರಿಗೇ ಕರೆದುಕೊಂಡು ಹೋಗುತ್ತಿದ್ದೇನೆ. ಸೂಪರ್‌ವೈಸರ್ ನೋಡಿಯೂ ನೋಡದ ಹಾಗೆ ಇದ್ದಾರೆ. ದಿಂಬಿನ ಕವರುಗಳನ್ನು ಮಡಚಿಡುತ್ತಾಳೆ, ಅಂಚಿಗೆ ಅಂಚು ಕೂಡಿಸಿ. ನಮ್ಮ ಹುಡುಗಿಯರ ಮಡಿಕೆಗಿಂತ ಚೆಂದ.

ಏಪ್ರಿಲ್ ೩೦

ಟೀಚರು ವಾರಕ್ಕೆರಡು ಸಲ ಮನೆಗೆ ಬರುತ್ತಾಳೆ. ಬಂದು ಮಾಡುವುದೇನು? ಎರಡು ಅಂಗಿ ಹಿಡಿದು ಯಾವುದು ಬೇಕು ಎಂದು ಕೇಳುವುದು. ರೇಡಿಯೋ ಹಾಕಲಾ ಬೇಡವಾ ಎಂದು ಕೇಳುವುದು. ಕೈ ಚಾಚಿ, ಹಿಡಿದುಕೊಳ್ಳಲಾ ಎಂದು ಕೇಳುವುದು; ತಂಗಿ ಬೇಡ ಎಂದರೆ ಕೈ ಹಿಂದಕ್ಕೆ ತೆಗೆದುಕೊಂಡು ‘ಸರಿ’ ಎನ್ನುವುದು. ಒಂದು ಗಂಟೆ ಇದೇ. ಮೊದಲ ವಾರ ನನಗೆ ಆಕಳಿಕೆ ಬರುತ್ತಿತ್ತು.

ಈಗ ಮನೆಯಲ್ಲಿ ಎಲ್ಲದಕ್ಕೂ ಬೇಡ. ನೀಲಿ ಅಂಗಿ ಬೇಡ. ತಲೆ ಬಾಚುವುದು ಬೇಡ. ಮೂವತ್ತಾರು ವರ್ಷ ಹಾಲು ಕುಡಿದವಳಿಗೆ ಈಗ ಚಹಾ ಬೇಕಂತೆ, ಅದೂ ಕಡು ಚಹಾ. ಇವತ್ತು ಸ್ನಾನಕ್ಕೆ ಕರೆದುಕೊಂಡು ಹೋದರೆ ನನ್ನನ್ನು ಬಾಗಿಲಿನಾಚೆಗೆ ತಳ್ಳಿದಳು. ‘ಅಕ್ಕ ಹೊರಗೆ.’ ಜಾರಿ ಬೀಳುತ್ತೀಯ ಎಂದೆ. ‘ಹೊರಗೆ.’

ಸಿಟ್ಟು ನೆತ್ತಿಗೇರಿತು. ಹೊರಗೇ ನಿಂತೆ. ಕಿವಿಯ ಹಿಂದೆ ಸೋಪಿನ ನೊರೆ ಹಾಗೇ ಇಟ್ಟುಕೊಂಡು, ರಾಣಿಯ ಹಾಗೆ ಹೊರಗೆ ಬಂದಳು. ಒರೆಸಲಾ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, ಕಿವಿ ಮುಂದೆ ಮಾಡಿದಳು.

ಮೇ ೧೪, ಮಂಗಳವಾರ

ಕನ್ನಡಕದ ಹುಡುಗನ ತಾಯಿ ಬಂದಿದ್ದರು. ಬಾಗಿಲು ತೆರೆದಾಗ ಮತ್ತೆ ಬೈಯಲು ಬಂದರೇನೋ ಎಂದುಕೊಂಡೆ. ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕೂತರು. ಮಗ ಹೊರಗೆ ಆಟೋದಲ್ಲಿ, ಅವನಪ್ಪನ ಜೊತೆ.

ಅವನಿಗೆ ಮಾತೇ ಇಲ್ಲ. ಇಪ್ಪತ್ತೆರಡು ವರ್ಷ. ಮೊನ್ನೆ ಬೀದಿಯಲ್ಲಿ ಯಾವುದೋ ಆಟದ ಪಂದ್ಯಕ್ಕೆ ಸೀಟಿ ಊದಿದರಂತೆ. ಹುಡುಗ ಮೇಜಿನ ಕೆಳಗೆ ಸೇರಿಕೊಂಡು ತನ್ನ ಬೆಲ್ಟನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡನಂತೆ. ಸಂಜೆಯವರೆಗೂ ಹೊರಗೆ ಬರಲಿಲ್ಲವಂತೆ. ಮೇಷ್ಟ್ರ ಕೊರಳಲ್ಲಿ ಯಾವಾಗಲೂ ಸೀಟಿ ಇರುತ್ತಿತ್ತು.

‘ನಿಮ್ಮ ತಂಗಿ ಹೇಗೆ ಹೇಳಿದ್ರು? ಅವರಿಗೆ ಹೇಳೋಕೆ ಹೇಗೆ ಬಂತು?’ ಎಂದು ನನ್ನ ಕೈ ಹಿಡಿದು ಕೇಳಿದರು. ಟೀಚರ ನಂಬರು ಬರೆದುಕೊಟ್ಟೆ. ಅವರು ಆ ಚೀಟಿಯನ್ನು ಮಡಚಿ ಮಡಚಿ ಉಗುರಿನಷ್ಟು ಮಾಡಿದರು.

ಜೂನ್ ೧೦

ಕೇಂದ್ರ ತೆರೆಯಿತು. ಎಲ್ಲ ಬಾಗಿಲಿಗೂ ಎದೆಮಟ್ಟದಲ್ಲಿ ಗಾಜು ಹಾಕಿದ್ದಾರೆ, ಚಿಲಕ ತೆಗೆದಿದ್ದಾರೆ. ಒಬ್ಬರ ಜೊತೆ ಒಬ್ಬರೇ ಇರುವಂತಿಲ್ಲ. ಮನೆಯವರು ಹೇಳದೆ ಕೇಳದೆ ಯಾವಾಗ ಬೇಕಾದರೂ ಬಂದು ನೋಡಬಹುದು. ಸಿಬ್ಬಂದಿ ತಮ್ಮ ಗಾಡಿಯಲ್ಲಿ ಯಾರನ್ನೂ ಕರೆದೊಯ್ಯುವಂತಿಲ್ಲ. ಬಟ್ಟೆ ಬದಲಿಸಲು ಯಾರ ನೆರವು ಬೇಕು ಎಂದು ಅವರವರನ್ನೇ ಕೇಳಿ ಬರೆದುಕೊಂಡಿದ್ದಾರೆ. ಇಷ್ಟೆಲ್ಲ ಮಾಡಲು ಒಬ್ಬ ಬಡಗಿಗೆ ಎರಡು ದಿನ, ಒಂದು ಸಭೆಗೆ ಅರ್ಧ ದಿನ ಹಿಡಿಯಿತಂತೆ. ಎರಡೂವರೆ ದಿನ.

ಉಳಿದ ಹದಿನೆಂಟರಲ್ಲಿ ಹನ್ನೊಂದೇ ಜನ ಮರಳಿ ಬಂದಿದ್ದಾರೆ. ತಂಗಿಯನ್ನು ನಾಲ್ಕಕ್ಕೆ ನಾನೇ ಕರೆತರಲು ಲಾಂಡ್ರಿಯಲ್ಲಿ ಬೆಳಗಿನ ಪಾಳಿ ಕೇಳಿ ಪಡೆದೆ. ಅಣ್ಣ ಮಾತು ಬಿಟ್ಟಿದ್ದಾನೆ.

ಜುಲೈ ೨೫, ಗುರುವಾರ

ಬರೆಯಬಾರದು ಎಂದುಕೊಂಡಿದ್ದೆ.

ತರಕಾರಿ ಅಂಗಡಿಯಲ್ಲಿ ಆಲೂಗಡ್ಡೆ ಆರಿಸುತ್ತಿದ್ದೆ. ಪಕ್ಕದಲ್ಲಿ ಯಾರೋ ಬಂದು ನಿಂತರು. ಮೇಷ್ಟ್ರು. ಜಾಮೀನಿನ ಮೇಲೆ ಬಿಟ್ಟಿದ್ದಾರೆಂದು ಗೊತ್ತಿತ್ತು, ಎದುರಿಗೆ ಬಂದಾರು ಎಂದುಕೊಂಡಿರಲಿಲ್ಲ. ಅದೇ ಇಸ್ತ್ರಿ ಅಂಗಿ, ಅದೇ ನಗು.

‘ಪಾಪು ಹೇಗಿದ್ದಾಳೆ?’ ಎಂದರು.

‘ಚೆನ್ನಾಗಿದ್ದಾಳೆ ಸರ್,’ ಎಂದೆ.

ಎಂದುಬಿಟ್ಟೆ! ಸರ್ ಎಂದೆ. ಮೇಲಾಗಿ ಮುಖದ ಮೇಲೆ ಒಂದು ಸಣ್ಣ ನಗುವೂ ಇತ್ತು, ನನಗೆ ಗೊತ್ತು. ಅವನು ತಲೆಯಾಡಿಸಿ ಹೊರಟುಹೋದ. ಚೀಲ ಅಲ್ಲೇ ಬಿಟ್ಟು ಮನೆಗೆ ಬಂದೆ. ನನಗೆ ನಲವತ್ತೊಂಬತ್ತು ವರ್ಷ. ಓದು ಬರಹ ಬರುತ್ತದೆ, ಬುದ್ಧಿ ನೆಟ್ಟಗಿದೆ. ಹೋಗು ಎನ್ನುವ ಒಂದು ಪದ ಹೇಳಲಾಗಲಿಲ್ಲ.

ಟೀಚರಿಗೆ ಫೋನು ಮಾಡಿದೆ. ಅವನು ನಮ್ಮ ಹತ್ತಿರ ಬರುವಂತಿಲ್ಲವಂತೆ, ಪೊಲೀಸರಿಗೆ ಬರೆದುಕೊಡಬೇಕಂತೆ. ನಾಳೆ ಬರೆದುಕೊಡುತ್ತೇನೆ. ‘ಸರ್’ ಎಂದದ್ದನ್ನೂ ಬರೆಯುತ್ತೇನೆ.

ಆಗಸ್ಟ್ ೨೧, ಬುಧವಾರ

ಇವತ್ತು ತಂಗಿಯ ಸಾಕ್ಷಿ. ಜೊತೆಗೆ ಒಬ್ಬರು ಕೂರಬಹುದು, ಯಾರು ಬೇಕು ಎಂದು ಹೋದ ವಾರವೇ ಕೇಳಿದ್ದರು. ‘ಟೀಚರು’ ಎಂದಿದ್ದಳು ತಂಗಿ. ನಾನೂ ಸಾಕ್ಷಿಯಾದ್ದರಿಂದ ಹೇಗೂ ಒಳಗೆ ಬಿಡುತ್ತಿರಲಿಲ್ಲ. ಆದರೂ ಅವಳು ನನ್ನ ಕಡೆ ನೋಡಲೂ ಇಲ್ಲವಲ್ಲ ಎಂದು ಒಂದು ಕ್ಷಣ ಚುರುಕ್ಕೆಂದಿತು.

ನಡೆದದ್ದನ್ನು ಆಮೇಲೆ ಟೀಚರು ಹೇಳಿದಳು. ಎದುರಿನ ವಕೀಲರು ಪಾಟೀಸವಾಲಿನಲ್ಲಿ ಒಂದೇ ಪ್ರಶ್ನೆಯನ್ನು ತಿರುಗಿಸಿ ತಿರುಗಿಸಿ ಕೇಳಿದರಂತೆ. ಇದನ್ನೆಲ್ಲ ಅಕ್ಕ ಹೇಳಿಕೊಟ್ಟಳು ಅಲ್ಲವಾ? ಮನೆಯಲ್ಲಿ ಅಕ್ಕ ದಿನಾ ಹೇಳಿಸುತ್ತಿದ್ದಳು ಅಲ್ಲವಾ? ನ್ಯಾಯಾಧೀಶರು ನಿಲ್ಲಿಸಲು ಹೊರಟರಂತೆ. ಅಷ್ಟರಲ್ಲಿ ಇವಳೇ ಉತ್ತರ ಕೊಟ್ಟಳಂತೆ.

‘ಅಕ್ಕಂಗೆ ಗೊತ್ತಿಲ್ಲ. ಅಕ್ಕ ಇರ್ಲಿಲ್ಲ.’

ವಕೀಲರು ಮತ್ತೆ ಕೇಳಿದರಂತೆ.

‘ಇರ್ಲಿಲ್ಲ. ನಾನು ಕರೆದೆ. ಅಕ್ಕ ಇರ್ಲಿಲ್ಲ.’

ಆಮೇಲೆ ಅವರು ಕೂತರಂತೆ. ಕೇಸಿಗೆ ಇದರಿಂದ ಬಹಳ ಬಲ ಬಂತು ಎಂದು ನಮ್ಮ ವಕೀಲರು ಖುಷಿಯಲ್ಲಿದ್ದರು. ನನ್ನ ಕೈ ಕುಲುಕಿದರು.

ಸೆಪ್ಟೆಂಬರ್ ೨೬, ಗುರುವಾರ

ಅವನಿಗೆ ಏಳು ವರ್ಷ ಜೈಲು. ಕನ್ನಡಕದ ಹುಡುಗನದ್ದು ಕೇಸಾಗಲಿಲ್ಲ. ಸೀಟಿ, ಬೆಲ್ಟು, ಮೇಜಿನ ಕೆಳಗೆ ಕೂತದ್ದು, ಇವು ಸಾಕಾಗುವುದಿಲ್ಲವಂತೆ. ಅವನ ತಾಯಿ ಇವತ್ತು ಬಂದಿದ್ದರು. ತೀರ್ಪು ಕೇಳಿ ಎದ್ದು, ತಂಗಿಯ ಮುಂದೆ ಒಂದು ನಿಮಿಷ ನಿಂತು, ಹೊರಟುಹೋದರು.

ಖುಷಿಯಾಗಬೇಕಿತ್ತು. ಆಗಲಿಲ್ಲ. ತಂಗಿಗೆ ತೀರ್ಪು ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ‘ಅವರು ಇನ್ನು ಕೇಂದ್ರಕ್ಕೆ ಬರಲ್ವಾ?’ ಎಂದಳು. ಬರಲ್ಲ ಎಂದೆ. ‘ಮನೆಗೆ?’ ಬರಲ್ಲ. ‘ತರಕಾರಿ ಅಂಗಡಿಗೆ?’ ಅದನ್ನು ನಾನು ಅವಳಿಗೆ ಯಾವಾಗ ಹೇಳಿದ್ದೆನೋ.

ಬಸ್ಸು ಅರ್ಧ ಖಾಲಿಯಿತ್ತು. ಅವಳು ಕಿಟಕಿಯ ಪಕ್ಕ ಕೂತು, ಕೈಚೀಲವನ್ನು ಪಕ್ಕದ ಸೀಟಿನ ಮೇಲಿಟ್ಟಳು. ಕೂರಲಾ ಎಂದು ಕೇಳಿದೆ. ಹೊರಗೆ ನೋಡುತ್ತಲೇ ಇದ್ದಳು.

‘ಆಮೇಲೆ,’ ಎಂದಳು.

ಕಂಬಿ ಹಿಡಿದು ನಿಂತೆ. ಮುಂದೆ ಹಿಂದೆ ಎಷ್ಟೋ ಸೀಟುಗಳು ಖಾಲಿಯಿದ್ದವು. ಕಂಡಕ್ಟರು ಒಮ್ಮೆ ತೋರಿಸಿಯೂ ತೋರಿಸಿದ. ನಾಲ್ಕು ಸ್ಟಾಪು ಹೋದವು. ಐದನೆಯದರಲ್ಲಿ ಅವಳು ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡಳು.